4-5ನೇ ಕ್ಲಾಸಿನ ಮಕ್ಕಳ ಮನೆಯವರನ್ನ ಜೊತೆಗೆ ಕರ್ಕೊಂಡು ಹೋಗೋದು: ನನ್ನ ಅನುಭವ

ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಟೀಚರ್. ನಮ್ಮೂರು ತುಮಕೂರು ಕಡೆ, ಆದ್ರೆ ಕೆಲಸ ಸಿಕ್ಕಿದಾಗಿಂದ ಇಲ್ಲೇ ಇದೀನಿ, 4 ಮತ್ತು 5ನೇ ಕ್ಲಾಸು ನನ್ನದು. ಮನೆಯವರನ್ನ ಶಾಲೆ ಕಡೆ ತರೋದು ಹೇಗೆ ಅಂತ ಹೊಸದಾಗಿ ಬಂದಿರೋ ಟೀಚರ್‌ಗಳು ಕೇಳ್ತಾ ಇರ್ತಾರೆ, ಅದಕ್ಕೆ ನಾನು ಮಾಡ್ತಿರೋದನ್ನ ಬರೀತಿದೀನಿ.

ನಾಲ್ಕನೇ ಕ್ಲಾಸೇ ಕಷ್ಟದ ಜಾಗ. ಮೂರರ ತನಕ ನಲಿ-ಕಲಿ ಅನ್ನೋ ಚಟುವಟಿಕೆ ಪದ್ಧತಿ ಇರುತ್ತೆ, ಕಾರ್ಡು, ಮೆಟ್ಟಿಲು, ಹಾಡು, ಮಗು ಮನೆಗೆ ಹೋಗಿ ಕುಣಿದು ತೋರಿಸುತ್ತೆ, ಅಮ್ಮನಿಗೆ ಏನೋ ಕಲೀತಿದೆ ಅಂತ ಕಣ್ಣಿಗೆ ಕಾಣುತ್ತೆ. ನಾಲ್ಕಕ್ಕೆ ಬಂದ್ಮೇಲೆ ಪಠ್ಯಪುಸ್ತಕ, ಪರಿಸರ ಅಧ್ಯಯನ, ದೊಡ್ಡ ಭಾಗಾಕಾರ, ಇಂಗ್ಲಿಷು, ಎಲ್ಲಾ ಒಟ್ಟಿಗೆ ಬರುತ್ತೆ, ಮನೆಯವರು ಮೆಲ್ಲಗೆ ಹಿಂದೆ ಸರೀತಾರೆ. "ನಾವೇನ್ ಕಲ್ತಿಲ್ರಿ ಅಕ್ಕೋರ, ನೀವ ನೋಡ್ರಿ" ಅನ್ನೋ ಮಾತು ನಾನು ಕೇಳಿದಷ್ಟು ಬೇರೆ ಯಾವ ಮಾತೂ ಕೇಳಿಲ್ಲ. ಇದನ್ನ ನಿರ್ಲಕ್ಷ್ಯ ಅಂತ ತುಂಬಾ ಜನ ಅಂದ್ಕೊಳ್ತಾರೆ, ನಾನು ಒಪ್ಪಲ್ಲ. ಅವರ ಕೈಲಿ ಆಗೋ ಕೆಲಸ ಯಾವುದು ಅಂತ ಯಾರೂ ಅವರಿಗೆ ಹೇಳಿರಲ್ಲ, ಅಷ್ಟೇ. ಶಾಲೆಯಿಂದ ಕರೆ ಹೋಗೋದು ಒಂದೋ ಸಹಿಗೆ, ಇಲ್ಲಾ ಮಗು ಏನಾದ್ರೂ ತಪ್ಪು ಮಾಡಿದಾಗ, ಹಾಗಿದ್ಮೇಲೆ ಕೂಲಿ ಬಿಟ್ಟು ಯಾರು ಬರ್ತಾರೆ ಹೇಳಿ.

ಜೂನ್‌ನಲ್ಲಿ ನಾನು ಮೊದಲು ಮಾಡೋ ಕೆಲಸ ಒಂದು ಪಟ್ಟಿ. ದಾಖಲಾತಿ ಪುಸ್ತಕದಲ್ಲಿ ಅಪ್ಪನ ಹೆಸರು, ಅಪ್ಪನ ನಂಬರು ಇರುತ್ತೆ, ಆದ್ರೆ ಅಪ್ಪ ಬೆಂಗಳೂರಲ್ಲೋ ಮಂಗಳೂರಲ್ಲೋ ಕಟ್ಟಡದ ಕೆಲಸದಲ್ಲಿ ಇರ್ತಾನೆ, ಫೋನೂ ಅವನ ಜೊತೇಲೇ. ಅದಕ್ಕೆ ಪ್ರತಿ ಮಗೂಗೂ "ರಾತ್ರಿ ಊಟ ಆದ್ಮೇಲೆ ನಿನ್ನ ಪಕ್ಕ ಯಾರು ಇರ್ತಾರೆ" ಅಂತ ಕೇಳಿ ಬರ್ಕೊಳ್ತೀನಿ. ಅಜ್ಜಿ, ಅಕ್ಕ, ಚಿಕ್ಕಮ್ಮ, ಎಷ್ಟೋ ಮಕ್ಕಳಿಗೆ ಪಿಯುಸಿ ಓದ್ತಿರೋ ಅಣ್ಣ. ನನ್ನ ಮಟ್ಟಿಗೆ ಪೋಷಕರು ಅಂದ್ರೆ ಅವರೇ, ಸಭೆಗೆ ಕರೆಯೋದೂ ಅವರನ್ನೇ. ಸ್ಮಾರ್ಟ್‌ಫೋನ್ ಯಾರ ಮನೇಲಿದೆ, ಬರೀ ಬಟನ್ ಫೋನ್ ಯಾರದು, ಫೋನೇ ಇಲ್ಲದ ಮನೆಗೆ ಪಕ್ಕದ ಮನೆಯವರು ಯಾರು, ಇದೂ ಅದೇ ಪಟ್ಟೀಲಿ ಇರುತ್ತೆ.

ಆಮೇಲೆ ಮನೆ ಪುಸ್ತಕ. ಇದು ಯಾವ ಯೋಜನೆಯೂ ಅಲ್ಲ, ಸಾದಾ ನೋಟ್‌ಬುಕ್ಕು. 4-5ನೇ ಕ್ಲಾಸಿನ ಮಕ್ಕಳು ತಾವೇ ನಾಲ್ಕು ಸಾಲು ಬರೀಬಲ್ಲರು, ಹಾಗಿರುವಾಗ ಸುದ್ದಿ ನಾನ್ಯಾಕೆ ಬರೀಬೇಕು? ಶನಿವಾರ ಅರ್ಧ ದಿನ ಇರುತ್ತಲ್ಲ, ಕೊನೇ ಪಿರಿಯಡ್‌ನಲ್ಲಿ ಕೂತು ಬರೀತಾರೆ: ಈ ವಾರ ನನಗೆ ಏನು ಬಂತು, ಏನು ಇನ್ನೂ ಬರಲ್ಲ, ಮುಂದಿನ ವಾರ ಏನಿದೆ, ಮನೆಯವರಿಗೆ ಒಂದು ಪ್ರಶ್ನೆ. ಮನೇಲಿ ಜೋರಾಗಿ ಓದಿ ಹೇಳ್ಬೇಕು, ಅವರು ಏನು ಹೇಳ್ತಾರೋ ಅದನ್ನ ಹೇಳಿದ ಹಾಗೇ ಬರ್ಕೊಂಡು ಸೋಮವಾರ ತರ್ಬೇಕು. ಸಹಿ, ಹೆಬ್ಬೆಟ್ಟು ಏನೂ ಬೇಡ. ಪ್ರಶ್ನೆ ಮಾತ್ರ ನಾನು ಯೋಚನೆ ಮಾಡಿ ಕೊಡ್ತೀನಿ, ಯಾಕಂದ್ರೆ ಅದು ಮನೆಯವರಿಗೆ ಖಂಡಿತಾ ಗೊತ್ತಿರೋದೇ ಆಗಿರ್ಬೇಕು. ಭಿನ್ನರಾಶಿ ಪಾಠ ನಡೀವಾಗ "ಶೇಂಗಾ ಸುಲಿಯೋಕೆ ಕೂಲಿ ಹೇಗೆ ಲೆಕ್ಕ ಹಾಕ್ತಾರೆ, ಅರ್ಧ ಸೇರು ಕಾಲು ಸೇರು ಅಂದ್ರೆ ಎಷ್ಟು ತೋರ್ಸಿ" ಅಂತ ಕೊಟ್ಟಿದ್ದೆ. ಒಂದು ಹುಡುಗಿ ಅವರಮ್ಮ ಹೇಳಿದ್ದನ್ನ ಒಂದೂವರೆ ಪುಟ ಬರ್ಕೊಂಡು ಬಂದಿದ್ಳು, ಯಾರು ಅಳತೇಲಿ ಮೋಸ ಮಾಡ್ತಾರೆ ಅನ್ನೋದೂ ಸೇರಿ!

ಬರಲ್ಲ ಅನ್ನೋ ಸಾಲನ್ನ ಮಗುವೇ ಬರೆಯೋದ್ರಿಂದ ಇನ್ನೊಂದು ಅನುಕೂಲ ಇದೆ, ಕೆಟ್ಟ ಸುದ್ದಿ ಮೊದಲು ನನ್ನ ಬಾಯಿಂದ ಹೋಗಲ್ಲ. 5ನೇ ಕ್ಲಾಸಲ್ಲಿ ಒಬ್ಬ ಹುಡುಗನಿಗೆ ಒತ್ತಕ್ಷರ ಬಂದ್ರೆ ಸಾಕು, ಬಿಟ್ಟು ಓದ್ತಿದ್ದ, ಹತ್ತಿ ಇದ್ರೆ ಹತಿ, ಬೆಕ್ಕು ಇದ್ರೆ ಬೆಕು. ಅಪ್ಪ ಅಮ್ಮ ಇಬ್ರೂ ದುಡಿಯೋಕೆ ಹೋಗಿದ್ರು, ಮನೇಲಿ ಅಜ್ಜಿ ಒಬ್ರೇ. ಅವರ ಮನೆ ಕಟ್ಟೆ ಮೇಲೆ ಕೂತು ಪುಸ್ತಕ ತೆಗೆದು, ಅವನು ಸರಿಯಾಗಿ ಓದೋ ಪುಟ ಮೊದಲು ಓದಿಸಿ, ಆಮೇಲೆ ತಡವರಿಸೋ ಪುಟ ಓದಿಸ್ದೆ. ದಿನಾ ಹತ್ತು ನಿಮಿಷ ಇವನು ಓದೋದು ಕೇಳ್ರಿ ಅಂದೆ. ಅಜ್ಜಿ ಕೇಳಿದ್ದು ಬಹಳ ಸರಿಯಾದ ಪ್ರಶ್ನೆ: "ಅಂವ ತಪ್ಪು ಓದಿದ್ರ ನನಗ ಹೆಂಗ ಗೊತ್ತಾಗ್ಬೇಕವ್ವಾ, ನನಗ ಅಕ್ಷರ ಬರೂದಿಲ್ಲ." ನಾನು ಹೇಳ್ದೆ, ಅಜ್ಜಿ, ಅಕ್ಷರ ಬರದಿದ್ರೂ ಮಾತು ಬರುತ್ತಲ್ಲ, ನಿಮ್ಮ ಕಿವಿಗೆ ಅರ್ಥ ಇಲ್ಲದ ಮಾತು ಬಿದ್ರೆ "ಹಂಗಂದ್ರೇನೋ?" ಅಂತ ಕೇಳಿ ಸಾಕು, ಉಳಿದಿದ್ದು ಅವನೇ ಮಾಡ್ತಾನೆ. ಆಯಮ್ಮ ಅಲ್ಲೇ ಶುರು ಮಾಡಿದ್ರು, "ಹತಿ ಅಂದ್ರೇನೋ?" ಅಂತ. ಅವನು ಪುಸ್ತಕ ಹತ್ರ ಹಿಡಿದು ನೋಡ್ದ, ಕೆಳಗಿರೋ ಒತ್ತು ಕಾಣ್ತು, "ಹತ್ತಿ ಬೇ, ಹತ್ತಿ" ಅಂದ. ದೀಪಾವಳಿ ಹೊತ್ತಿಗೆ ಸಾಕಷ್ಟು ಒತ್ತಕ್ಷರ ಬರ್ತಿತ್ತು, ಸಜಾತಿ (ಅದೇ ಅಕ್ಷರದ ಒತ್ತು) ಪೂರ್ತಿ ಬಂತು, ವಿಜಾತೀಲಿ (ಬೇರೆ ಅಕ್ಷರದ ಒತ್ತು) ಇನ್ನೂ ತಡವರಿಸ್ತಿದ್ದ. ಓದು ಬರಹ ಇಲ್ಲದ ಮನೆಗೆ ನಾನು ಈಗ ಎಲ್ಲಾ ಕಡೆ ಕೊಡೋ ಕೆಲಸ ಇದೇ, ಕೇಳೋದು, ಅರ್ಥ ಆಗದಿದ್ರೆ ಕೇಳಿ ನಿಲ್ಲಿಸೋದು.

ವಾಟ್ಸಾಪ್ ಗ್ರೂಪ್ ಬಗ್ಗೆ ಸ್ವಲ್ಪ. ಗ್ರೂಪ್ ಇದೆ, ಆದ್ರೆ ಟೈಪ್ ಮಾಡಲ್ಲ, ವಾಯ್ಸ್ ಮೆಸೇಜೇ ಹಾಕ್ತೀನಿ, ಒಂದು ನಿಮಿಷದ ಒಳಗೆ, ಇಲ್ಲಿನ ಮಾತಲ್ಲೇ ಹೇಳೋಕೆ ಪ್ರಯತ್ನ ಪಡ್ತೀನಿ, ಓದೋಕೆ ಬರದವರೂ ಕೇಳ್ತಾರಲ್ಲ. ಯಾವ ಮಗುವಿನ ಅಂಕವೂ, ಗ್ರೇಡೂ, ದೂರೂ ಗ್ರೂಪಲ್ಲಿ ಬರೋ ಹಾಗಿಲ್ಲ, ಇದರಲ್ಲಿ ನಾನು ತುಂಬಾ ಖಡಕ್ಕು. ಒಂದು ಮಗುವಿನ ಮಾನ ಇಡೀ ಊರಿನ ಫೋನಲ್ಲಿ ಹೋಗ್ಬಾರ್ದು. ದೂರ ಇರೋ ಅಪ್ಪ ಅಮ್ಮಂದಿರಿಗೆ ಮಾತ್ರ ಬೇರೆಯಾಗಿ, ಮಗು ಮನೆ ಪುಸ್ತಕ ಓದೋದನ್ನ ರೆಕಾರ್ಡ್ ಮಾಡಿ ಕಳಿಸ್ತೀನಿ. ಬಟನ್ ಫೋನ್ ಇರೋರಿಗೆ ಸಂಜೆ ಫೋನ್ ಮಾಡ್ತೀನಿ. ಮೊದಲ ಕರೆ ಯಾವಾಗ್ಲೂ ಒಳ್ಳೇ ಸುದ್ದಿಗೇ ಇರ್ಬೇಕು, "ನಿಮ್ ಹುಡುಗಿ ಇವತ್ತು ಮೂರಂಕಿ ಭಾಗಾಕಾರ ತಾನಾಗೇ ಮಾಡಿದ್ಳು" ಅಷ್ಟೇ ಹೇಳಿ ಇಡೋದು. ಹಿಂಗೆ ಮಾಡಿದ್ರೆ ಮುಂದೆ ಕಷ್ಟದ ವಿಷಯಕ್ಕೆ ಫೋನ್ ಮಾಡಿದಾಗ ಎತ್ತುತ್ತಾರೆ, ಗಾಬರಿಯಾಗಿ ಮಗುವಿಗೆ ಹೊಡೆಯೋದೂ ಇರಲ್ಲ.

ಸಭೆ ವಿಷಯಕ್ಕೆ ಬಂದ್ರೆ, ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದ್ದೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತೀಲಿ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರ್ಬೇಕು, ಅದು ಒಳ್ಳೇದೇ. ಆದ್ರೆ ಅಲ್ಲಿ ಕಾಂಪೌಂಡು, ಶೌಚಾಲಯ, ಬಿಸಿಯೂಟ, ಅನುದಾನ ಇಷ್ಟರಲ್ಲೇ ಹೊತ್ತು ಹೋಗುತ್ತೆ, ಒಂದೊಂದು ಮಗುವಿನ ಓದಿನ ಮಾತು ಬರೋಕೆ ಜಾಗ ಇಲ್ಲ. ಅದಕ್ಕೆ ನನ್ನ ಕ್ಲಾಸಿಗೇ ಬೇರೆ ಸಭೆ ಇಟ್ಕೊಂಡಿದೀನಿ, ಹನುಮಪ್ಪನ ಗುಡಿ ಕಟ್ಟೆ ಮೇಲೆ, ಸೋಮವಾರ ಸಂಜೆ. ಸೋಮವಾರ ಈ ಊರಲ್ಲಿ ಎತ್ತು ಹೂಡಲ್ಲ, ಗಂಡಸರು ಸಿಗ್ತಾರೆ, ಹೆಂಗಸರು ಕಳೆ ಕೀಳೋ ಕೆಲಸ ಮುಗಿಸಿ ಬರೋಕೆ ಸಂಜೆ ಆದ್ರೇನೇ ಸರಿ. ಮಕ್ಕಳು ಓದಿ, ಲೆಕ್ಕ ಮಾಡಿ ತೋರಿಸ್ತಾರೆ, ನಾನು ಮಾತಾಡೋದು ಕಡಿಮೆ. ಎಫ್‌ಎ (ನಡುನಡುವೆ ಮಾಡೋ ಮೌಲ್ಯಮಾಪನ), ಎಸ್‌ಎ (ಅವಧಿ ಕೊನೇ ಪರೀಕ್ಷೆ) ಆದ್ಮೇಲೆ ಪ್ರಗತಿ ಪತ್ರ ಕೊಡುವಾಗ ಬಿ ಪ್ಲಸ್ ಅಂದ್ರೆ ನೂರಕ್ಕೆ 50ರಿಂದ 69ರ ಒಳಗೆ ಅಂತ ಬಿಡಿಸಿ ಹೇಳ್ತೀನಿ, ಯಾವುದರಲ್ಲಿ ಹೋಯ್ತು ಅಂತ ಉತ್ತರ ಪತ್ರಿಕೆ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ತೋರಿಸ್ತೀನಿ.

ಇಂಥ ಒಂದು ಸಭೇಲೇ ಗೌಂಡಿ ಕೆಲಸ ಮಾಡೋ ಒಬ್ರು, ಮಗ ಬೋರ್ಡ್ ಮೇಲೆ ಲಂಬಕೋನ ಬರೆಯೋದು ನೋಡ್ತಾ "ಇದು ನಮ್ಮ ದಿನದ ಕೆಲ್ಸ ಅಲ್ರೀ" ಅಂದ್ರು. ಕ್ಲಾಸಿಗೆ ಬನ್ನಿ ಅಂತ ಹಿಡ್ಕೊಂಡೆ. ಬಂದ್ರು, ಶಾಲೆ ಅಂಗಳದಲ್ಲಿ ಗೂಟ ಹೊಡೆದು ದಾರ ಕಟ್ಟಿ, ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬರೋ ತನಕ ದಾರ ಸರಿಸ್ತಾ ಹೋದ್ರು. 5 ಬಂದ ಜಾಗದಲ್ಲಿ ಮಕ್ಕಳು ಕೋನಮಾಪಕ ಇಟ್ಟು ನೋಡಿದ್ರು, 90. ಪಾಯ ಹಾಕುವಾಗ ಮೂಲೆ ಹಿಂಗೇ ಹಿಡಿಯೋದು ಅಂದ್ರು. ಅವರ ಮಗ ಅವತ್ತು ಇಡೀ ದಿನ ದಾರ ಸುತ್ಕೊಂಡು ಓಡಾಡ್ದ. ಆ ವರ್ಷ ಅವರು ಒಂದು ಸಭೆಯನ್ನೂ ತಪ್ಪಿಸ್ಲಿಲ್ಲ.

5ನೇ ಕ್ಲಾಸಿನವರಿಗೆ ಇನ್ನೊಂದು ಸುದ್ದಿ ಮೊದಲೇ ಮುಟ್ಟಿಸ್ಬೇಕು. 6ನೇ ಕ್ಲಾಸಿಗೆ ನವೋದಯ, ಮೊರಾರ್ಜಿ ವಸತಿ ಶಾಲೆ ಪರೀಕ್ಷೆ ಬರ್ಸೋದಿದ್ರೆ ಜಾತಿ-ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರೀಲಿ ಜುಲೈನಲ್ಲೇ ಹಾಕಿ ಅಂತ ಹೇಳ್ತೀನಿ, ಆ ಪ್ರಮಾಣ ಪತ್ರದ ಆರ್‌ಡಿ ನಂಬರ್ ಬಂದ ತಕ್ಷಣ ಮನೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆಸ್ತೀನಿ. ಅದೇ ಪುಟದಲ್ಲಿ ಮಗುವಿನ ಎಸ್‌ಎಟಿಎಸ್ ನಂಬರೂ (ಇಲಾಖೆ ಕಂಪ್ಯೂಟರ್‌ನಲ್ಲಿರೋ ಮಗುವಿನ ಗುರುತಿನ ನಂಬರು) ಇರುತ್ತೆ. ಸುಗ್ಗಿ ಮುಗಿದು ಗುಳೆ (ಕೆಲಸ ಹುಡುಕಿ ಬೇರೆ ಊರಿಗೆ) ಹೊರಟಾಗ ಮಗೂನ ಅಜ್ಜಿ ಹತ್ರ ಬಿಟ್ಟು ಹೋಗಿ ಅಂತ ಕೇಳ್ಕೊಳ್ತೀನಿ, ಆಗಲ್ಲ ಅಂದವರಿಗೆ ಆ ನಂಬರ್ ತೋರಿಸಿ ಅಲ್ಲಿ ಹತ್ರದ ಸರ್ಕಾರಿ ಶಾಲೆಗೆ ಹೋಗಿ ಇದನ್ನ ಕೊಡಿ, ಟಿಸಿ ತಡ ಆಯ್ತು ಅಂತ ಸೇರಿಸ್ಕೊಳ್ಳದೇ ಇರೋ ಹಾಗಿಲ್ಲ, ಕಾಯ್ದೇಲೇ ಇದೆ ಅಂತ ಹೇಳಿ ಕಳಿಸ್ತೀನಿ. ಆ ಶಾಲೆ ಟೀಚರ್ ಫೋನ್ ಮಾಡಿದ್ರೆ ಮಗು ಎಲ್ಲಿ ತನಕ ಕಲ್ತಿದೆ ಅಂತ ನಾನೇ ಮಾತಾಡ್ತೀನಿ.

ಏಪ್ರಿಲ್‌ನಲ್ಲಿ ಮನೆ ಪುಸ್ತಕ, ಪಟ್ಟಿ ಎರಡನ್ನೂ 6ನೇ ಕ್ಲಾಸ್ ನೋಡ್ಕೊಳ್ಳೋ ಮೇಷ್ಟ್ರಿಗೆ ಕೊಡ್ತೀನಿ. ಅವರು ವಿಜ್ಞಾನದವರು, ಪುಸ್ತಕ ಪೂರ್ತಿ ಓದಿದ್ರು, ಈ ಸಲ ಬೀಜದ ಪಾಠಕ್ಕೆ ಸಜ್ಜೆ ಬೀಜ ಕಟ್ಟಿಡೋದನ್ನ ತೋರ್ಸೋಕೆ ಆ ಒತ್ತಕ್ಷರದ ಹುಡುಗನ ಅಜ್ಜೀನೇ ಕರೀತೀನಿ ಅಂದಿದಾರೆ.