ಮೈಸೂರು ಮುಂದಾ, ಮಂಡ್ಯ ಮುಂದಾ? ಜಿಲ್ಲೆಗಳ ಉತ್ಪನ್ನ ಹೋಲಿಸುವುದು ಹೀಗೆ

ಬಜೆಟ್ ಹತ್ತಿರ ಬಂತು ಅಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಟ್ಟಿ ಓಡಾಡಲು ಶುರುವಾಗುತ್ತದೆ. ಯಾವ ನಗರದ ಜಿಡಿಪಿ ಎಷ್ಟು, ಯಾರಿಗೆ ಎಷ್ಟನೇ ಸ್ಥಾನ ಅಂತ. ಮೈಸೂರು ಮೇಲಿದ್ದರೆ ಮೈಸೂರಿನವರು ಸಂಭ್ರಮದಿಂದ ಎಲ್ಲ ಗ್ರೂಪಿಗೂ ಹಾಕುತ್ತಾರೆ. ‘ನೀರು ನಮ್ದು, ಹೆಸ್ರು ನಿಮ್ದಾ’ ಅಂತ ಮಂಡ್ಯದವರು ಕಾಲೆಳೆಯುತ್ತಾರೆ. ಆ ಅಂಕಿ ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಸರ್ಕಾರ ರಾಜ್ಯದ ಉತ್ಪನ್ನ (ಜಿಡಿಪಿ ಅಂದರೆ ಇದೇ, ಒಂದು ವರ್ಷದಲ್ಲಿ ಅಲ್ಲಿ ಹುಟ್ಟಿದ ಒಟ್ಟು ಮೌಲ್ಯ) ಲೆಕ್ಕ ಹಾಕುತ್ತದೆ, ಜಿಲ್ಲೆಯದ್ದನ್ನೂ ಹಾಕುತ್ತದೆ. ನಗರದ ಲೆಕ್ಕ ಪ್ರಕಟಿಸುವುದಿಲ್ಲ. ಅಮೆರಿಕದಲ್ಲಿ ಮಹಾನಗರ ಪ್ರದೇಶಗಳಿಗೂ ಅಧಿಕೃತ ಅಂಕಿ ಸಿಗುತ್ತದೆ, ಇಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ‘ಮೈಸೂರು ನಗರದ ಜಿಡಿಪಿ ಇಷ್ಟು ಶತಕೋಟಿ ಡಾಲರ್’ ಅಂತ ಕಂಡರೆ ಒಂದೋ ಅದು ಇಡೀ ಜಿಲ್ಲೆಯದು, ಇಲ್ಲ ಯಾರೋ ಖಾಸಗಿಯವರು ಮಾಡಿದ ಅಂದಾಜು. ನೀವೇ ಕೂತು ಹೋಲಿಸುವುದಾದರೆ ಜಿಲ್ಲೆಯ ಅಂಕಿಯಿಂದಲೇ ಶುರು ಮಾಡಿ.

ಅಂಕಿ ಹುಡುಕುವುದು

ರಾಜ್ಯದ ಆರ್ಥಿಕ ಸಮೀಕ್ಷೆ ಪ್ರತಿವರ್ಷ ಬಜೆಟ್ ಹೊತ್ತಿಗೆ ಬರುತ್ತದೆ. ಕನ್ನಡದಲ್ಲೂ ಇದೆ, ಪಿಡಿಎಫ್ ಉಚಿತ. ಅದರಲ್ಲಿ ‘ಒಟ್ಟು ಜಿಲ್ಲಾ ಆಂತರಿಕ ಉತ್ಪನ್ನ’ ಮತ್ತು ‘ತಲಾ ಆದಾಯ’ ಅನ್ನುವ ಕೋಷ್ಟಕಗಳನ್ನು ಹುಡುಕಿ. ಲೆಕ್ಕ ಹಾಕುವುದು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ. ಅಂಕಿ ಒಂದೆರಡು ವರ್ಷ ಹಳೆಯದಿರುತ್ತದೆ, ಅದಕ್ಕೆ ಬೇಜಾರು ಬೇಡ. ಬೆಳೆ, ನೀರಾವರಿ, ಹಾಲು, ಬ್ಯಾಂಕು ಇಂಥ ವಿವರ ಬೇಕಾದರೆ ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿ ಕಚೇರಿ ತರುವ ಜಿಲ್ಲೆಯ ಅಂಕಿ ಅಂಶಗಳ ಪುಸ್ತಕ ನೋಡಿ.

ಗಡಿ ಎಲ್ಲಿದೆ ನೋಡಿಕೊಳ್ಳಿ

ಮೈಸೂರು ನೋಡಲು ಬಂದ ಕುಟುಂಬವೊಂದು ಬೆಳಿಗ್ಗೆ ರಂಗನತಿಟ್ಟು, ಮಧ್ಯಾಹ್ನ ಶ್ರೀರಂಗಪಟ್ಟಣ, ಸಂಜೆ ಕೆಆರ್‌ಎಸ್‌ನ ಬೃಂದಾವನ ನೋಡಿಕೊಂಡು ಬರುತ್ತದೆ. ಅವರ ಮಟ್ಟಿಗೆ ಎಲ್ಲವೂ ಮೈಸೂರೇ. ಆದರೆ ಈ ಮೂರೂ ಇರುವುದು ಮಂಡ್ಯ ಜಿಲ್ಲೆಯಲ್ಲಿ. ಟಿಕೆಟ್ಟಿನ ದುಡ್ಡು ಮಂಡ್ಯದ ಲೆಕ್ಕಕ್ಕೆ ಹೋಗುತ್ತದೆ. ರಾತ್ರಿ ಉಳಿದ ಲಾಡ್ಜು, ಕೊಂಡ ಮೈಸೂರು ಪಾಕು, ರೇಷ್ಮೆ ಸೀರೆಯ ವ್ಯಾಪಾರ ಮೈಸೂರಿನ ಲೆಕ್ಕಕ್ಕೆ. ಉಲ್ಟಾ ಉದಾಹರಣೆಯೂ ಇದೆ. ಬನ್ನೂರು ಇರುವುದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ, ಅಲ್ಲಿನ ಕುರಿ ತಳಿಗೆ ಮಂಡ್ಯ ಕುರಿ ಅಂತಲೂ ಹೆಸರು!

ಇದಕ್ಕಿಂತ ದೊಡ್ಡ ಸಮಸ್ಯೆ ಮನುಷ್ಯರದ್ದು. ಜಿಲ್ಲೆಯ ಉತ್ಪನ್ನ ಲೆಕ್ಕವಾಗುವುದು ಕೆಲಸ ನಡೆದ ಜಾಗದಲ್ಲಿ, ಕೆಲಸಗಾರ ಮಲಗುವ ಜಾಗದಲ್ಲಲ್ಲ. ಶ್ರೀರಂಗಪಟ್ಟಣದಿಂದ ಬೆಳಿಗ್ಗೆ ಬೈಕ್ ಹತ್ತಿ ಹೂಟಗಳ್ಳಿಯ ಫ್ಯಾಕ್ಟರಿಗೆ ಹೋಗುವವನ ದುಡಿಮೆ ಮೈಸೂರಿಗೆ ಸೇರುತ್ತದೆ, ಅವನ ತಲೆ ಮಂಡ್ಯದ ಜನಸಂಖ್ಯೆಗೆ ಸೇರುತ್ತದೆ. ಮದ್ದೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವವರದ್ದೂ ಇದೇ ಕತೆ. ತಲಾ ಲೆಕ್ಕ ತೆಗೆದಾಗ ಮಂಡ್ಯ ಇದ್ದದ್ದಕ್ಕಿಂತ ಬಡವಾಗಿ ಕಾಣುತ್ತದೆ, ಬೆಂಗಳೂರು, ಮೈಸೂರು ಇದ್ದದ್ದಕ್ಕಿಂತ ಶ್ರೀಮಂತವಾಗಿ ಕಾಣುತ್ತವೆ. ಸಂಬಳ ಸಂಜೆ ಮದ್ದೂರಿಗೇ ವಾಪಸ್ ಬರುತ್ತದಲ್ವಾ? ಈ ಕೋಷ್ಟಕ ಅದನ್ನು ಹಿಡಿಯುವುದಿಲ್ಲ. ಅದಕ್ಕೇ ‘ತಲಾ ಆದಾಯ’ ಅನ್ನುವ ತಲೆಬರಹ ನೋಡಿ ಮನೆಮನೆಯ ಆದಾಯ ಅಂದುಕೊಳ್ಳಬಾರದು.

ಹಳೆಯ ಅಂಕಿಗಳ ಜತೆ ಹೋಲಿಸುವವರಿಗೆ ಒಂದು ಎಚ್ಚರಿಕೆ: 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಅದಕ್ಕೂ ಹಿಂದಿನ ‘ಮೈಸೂರು’ ಬೇರೆಯೇ ಮೈಸೂರು.

ಆಲೆಮನೆಯಲ್ಲಿ ನಿಂತು ಲೆಕ್ಕ ಹಾಕಿ

ಉತ್ಪನ್ನ ಅಂದರೆ ವಹಿವಾಟು ಅಲ್ಲ. ಎಡವುವುದು ಇಲ್ಲೇ ಜಾಸ್ತಿ. ಪಾಂಡವಪುರ ಕಡೆಯ ಒಂದು ಆಲೆಮನೆಯನ್ನು ತೆಗೆದುಕೊಳ್ಳೋಣ. ಈ ಬೆಲೆಗಳೆಲ್ಲ ಸುಮ್ನೆ ಲೆಕ್ಕಕ್ಕೆ ಅಂತ ಇಟ್ಟುಕೊಂಡವು.

ರೈತ ಒಂದು ಟನ್ ಕಬ್ಬನ್ನು 3,000 ರೂಪಾಯಿಗೆ ಕೊಟ್ಟ. ಅದನ್ನು ಬೆಳೆಯಲು ಗೊಬ್ಬರ, ಔಷಧ, ಡೀಸೆಲ್ ಅಂತ 900 ರೂಪಾಯಿಯ ಸಾಮಾನು ಕೊಂಡಿದ್ದ. 900 ಕಳೆದರೆ 2,100. ಅದು ಹೊಲದಲ್ಲಿ ಹುಟ್ಟಿದ ಮೌಲ್ಯ. ಆ ಕಬ್ಬು ಗಾಣಕ್ಕೆ ಹೋಗಿ, ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಸುಮಾರು 100 ಕೆ.ಜಿ. ಬೆಲ್ಲ ಆಯಿತು. ಕೆ.ಜಿ.ಗೆ 40ರಂತೆ 4,000 ರೂಪಾಯಿ. ಒಲೆಗೆ ಕಬ್ಬಿನ ಸಿಪ್ಪೆಯೇ ಸಾಕು, ಸುಣ್ಣ, ಕರೆಂಟು ಇತ್ಯಾದಿಗೆ 200 ಖರ್ಚು. 4,000ದಲ್ಲಿ ಕಬ್ಬಿನ 3,000, ಸಾಮಾನಿನ 200 ಕಳೆಯಿರಿ. ಉಳಿದ 800 ಆಲೆಮನೆಯ ಮೌಲ್ಯವರ್ಧನೆ. ಎರಡೂ ಸೇರಿ ಜಿಲ್ಲೆಗೆ 2,900 ರೂಪಾಯಿ. ಕಬ್ಬು 3,000, ಬೆಲ್ಲ 4,000 ಅಂತ ಕೂಡಿ 7,000 ಬರೆದವರು ಕಬ್ಬನ್ನು ಎರಡು ಸಲ ಎಣಿಸಿದ ಹಾಗೆ.

ಕೂಲಿ ಎಲ್ಲಿ ಹೋಯಿತು? ಅದನ್ನು ಕಳೆಯಬಾರದು. ಕಬ್ಬು ಕಡಿದವನ ಕೂಲಿ, ಪಾಕ ನೋಡುವವನ ಸಂಬಳ, ಮಾಲೀಕನ ಲಾಭ ಎಲ್ಲವೂ ಆ 2,900ರ ಒಳಗೇ ಇವೆ. ಕಡಿದವನು ಬೇರೆ ಜಿಲ್ಲೆಯಿಂದ ಬಂದು ದುಡ್ಡನ್ನು ಊರಿಗೆ ಕಳಿಸಿದರೂ ಉತ್ಪನ್ನ ಮಂಡ್ಯದ್ದೇ. ಅದೇ ಕಬ್ಬು ಲಾರಿ ಹತ್ತಿ ನಂಜನಗೂಡು ತಾಲ್ಲೂಕಿನ ಕಾರ್ಖಾನೆಗೆ ಹೋದರೆ ಹೊಲದ 2,100 ಮಾತ್ರ ಮಂಡ್ಯದಲ್ಲಿ ಉಳಿಯುತ್ತದೆ, ನುರಿಸಿದ ಮೌಲ್ಯ ಮೈಸೂರಿನದಾಗುತ್ತದೆ. ಮೈಷುಗರ್ ಕಾರ್ಖಾನೆ ನಿಂತರೆ ಮಂಡ್ಯದವರು ಯಾಕೆ ಅಷ್ಟು ಕೂಗಾಡುತ್ತಾರೆ ಅಂತ ಕೇಳುವವರಿಗೆ ಈ ಲೆಕ್ಕ ತೋರಿಸಬಹುದು.

ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿಗೆ ಸೇರಿದ ನೋಟು ಮುದ್ರಣಾಲಯ ಇದೆ. ಅಲ್ಲಿ ಅಚ್ಚಾಗುವ 500ರ ನೋಟು ಮೈಸೂರಿನ ಉತ್ಪನ್ನಕ್ಕೆ 500 ರೂಪಾಯಿ ಸೇರಿಸುವುದಿಲ್ಲ. ಕಾಗದ, ಶಾಯಿಯ ಖರ್ಚು ಕಳೆದು ಮುದ್ರಣದ ಕೆಲಸಕ್ಕೆ ಉಳಿದದ್ದಷ್ಟೇ ಲೆಕ್ಕ. ಇಲ್ಲದಿದ್ದರೆ ಮೈಸೂರು ಮುಂಬೈಯನ್ನೇ ಮೀರಿಸಿಬಿಡುತ್ತಿತ್ತು.

ತಲೆಗೆ ಎಷ್ಟು

ಒಟ್ಟು ಮೊತ್ತದಲ್ಲಿ ಮೈಸೂರು ಮುಂದಿರುವುದು ಆಶ್ಚರ್ಯವೇನಲ್ಲ. 2011ರ ಜನಗಣತಿ ಪ್ರಕಾರ ಮೈಸೂರು ಜಿಲ್ಲೆಯಲ್ಲಿ 30,01,127 ಜನ, ಮಂಡ್ಯದಲ್ಲಿ 18,05,769. ಜನ ಜಾಸ್ತಿ ಇದ್ದಲ್ಲಿ ಉತ್ಪನ್ನವೂ ಜಾಸ್ತಿ.

ನನಗೆ ಇಷ್ಟವಾದ ಒಂದು ಸುಲಭ ಅಳತೆ ಹೇಳುತ್ತೇನೆ. ರಾಜ್ಯದ 6,10,95,297 ಜನರಲ್ಲಿ ಮೈಸೂರಿನ ಪಾಲು ಶೇ 4.9, ಮಂಡ್ಯದ್ದು ಸುಮಾರು ಶೇ 3. ಈಗ ಸಮೀಕ್ಷೆಯಿಂದ ಜಿಲ್ಲೆಯ ಉತ್ಪನ್ನ ತೆಗೆದು ರಾಜ್ಯದ ಉತ್ಪನ್ನದಲ್ಲಿ ಅದು ಶೇಕಡ ಎಷ್ಟು ನೋಡಿ. ಮೈಸೂರಿನ ಪಾಲು 4.9ಕ್ಕಿಂತ ಕಡಿಮೆ ಬಂದರೆ ತಲಾ ಲೆಕ್ಕದಲ್ಲಿ ರಾಜ್ಯದ ಸರಾಸರಿಗಿಂತ ಕೆಳಗೆ ಅಂತ ಅರ್ಥ. ಮಂಡ್ಯಕ್ಕೆ ಗೆರೆ 3.

ಆದರೆ ಈ ರಾಜ್ಯದ ಸರಾಸರಿ ಅನ್ನುವುದೇ ಮೋಸ. ಬೆಂಗಳೂರು ನಗರ ಜಿಲ್ಲೆಯಲ್ಲಿ ಆಗ ಇದ್ದದ್ದು ರಾಜ್ಯದ ಶೇ 15.7 ಜನ. ರಾಜ್ಯದ ಉತ್ಪನ್ನದಲ್ಲಿ ಆ ಒಂದೇ ಜಿಲ್ಲೆಯ ಪಾಲು ಮೂರನೇ ಒಂದಕ್ಕಿಂತ ಜಾಸ್ತಿ. 36 ಅಂತ ಇಟ್ಟುಕೊಳ್ಳಿ. ಉಳಿದ ಶೇ 84.3 ಜನರಿಗೆ ಶೇ 64 ಉತ್ಪನ್ನ. ಭಾಗಿಸಿದರೆ 0.76. ಅಂದರೆ ರಾಜ್ಯದ ಸರಾಸರಿಯ ಮುಕ್ಕಾಲು ಭಾಗ ಮುಟ್ಟಿದ ಜಿಲ್ಲೆ ಬೆಂಗಳೂರು ಬಿಟ್ಟ ಕರ್ನಾಟಕದ ನಡುಮಟ್ಟದಲ್ಲೇ ಇದೆ. ಪತ್ರಿಕೆಯಲ್ಲಿ ‘ಸರಾಸರಿಗಿಂತ ಕೆಳಗೆ’ ಅಂತ ಓದಿ ತಲೆ ತಗ್ಗಿಸುವ ಮೊದಲು ಇದೊಂದು ಭಾಗಾಕಾರ ಮಾಡಿ. ನನ್ನ ಪ್ರಕಾರ ಮಂಡ್ಯವನ್ನು ಬೆಂಗಳೂರಿನ ಪಕ್ಕ ನಿಲ್ಲಿಸುವುದಕ್ಕೆ ಅರ್ಥವೇ ಇಲ್ಲ. ಹಾಸನ, ತುಮಕೂರು, ಚಾಮರಾಜನಗರದ ಪಕ್ಕ ನಿಲ್ಲಿಸಿ.

ಜನಸಂಖ್ಯೆಯ ಅಂಕಿ ಹಳತಾಗಿದೆ ಅನ್ನುವುದು ನಿಜ. ಮುಂದಿನ ಜನಗಣತಿ 2027ರದ್ದು, ಅಲ್ಲಿಯವರೆಗೆ ಎಲ್ಲರದ್ದೂ ಅಂದಾಜೇ. ಬೆಂಗಳೂರಿನ ಜನ ಈ ನಡುವೆ ಬೇಗ ಬೆಳೆದಿರುವುದರಿಂದ ಮೇಲಿನ ಅಂತರ ಸ್ವಲ್ಪ ತಗ್ಗಬಹುದು. ಸಮೀಕ್ಷೆಯ ತಲಾ ಅಂಕಿ ಬಳಸಿದರೆ ಎಲ್ಲ ಜಿಲ್ಲೆಗೂ ಅದನ್ನೇ ಬಳಸಿ, ಅರ್ಧ ಅಲ್ಲಿಂದ ಅರ್ಧ ಇಲ್ಲಿಂದ ಬೇಡ.

ಯಾವ ಬೆಲೆ, ಯಾವ ವರ್ಷ

ಕೋಷ್ಟಕದಲ್ಲಿ ಪ್ರಚಲಿತ ಬೆಲೆ (ಆಯಾ ವರ್ಷದ ಬೆಲೆ), ಸ್ಥಿರ ಬೆಲೆ (ಆಧಾರ ವರ್ಷ ಅಂತ ಆರಿಸಿಕೊಂಡ ಒಂದೇ ವರ್ಷದ ಬೆಲೆ) ಅಂತ ಎರಡು ಇರುತ್ತವೆ. ಬೆಲ್ಲ 40ರಿಂದ 50 ರೂಪಾಯಿಗೆ ಏರಿದರೆ ಒಂದು ಅಚ್ಚೂ ಜಾಸ್ತಿ ಆಗದೆ ಪ್ರಚಲಿತ ಬೆಲೆಯ ಉತ್ಪನ್ನ ಏರಿಬಿಡುತ್ತದೆ. ಬೆಳವಣಿಗೆ ನೋಡಲು ಸ್ಥಿರ ಬೆಲೆ, ಒಂದೇ ವರ್ಷದ ಪಾಲು ನೋಡಲು ಪ್ರಚಲಿತ ಬೆಲೆ. ಬಹಳ ಕಾಲದಿಂದ ಬಳಕೆಯಲ್ಲಿರುವ ಸರಣಿಗೆ 2011–12 ಆಧಾರ ವರ್ಷ. ಆಧಾರ ವರ್ಷ ಬೇರೆಯಾದ ಸರಣಿಯನ್ನು ಅದರ ತಲೆಗೆ ಅಂಟಿಸಬೇಡಿ.

ಸ್ಥಿರ ಬೆಲೆ ಸರಿಮಾಡುವುದು ವರ್ಷದಿಂದ ವರ್ಷಕ್ಕೆ ಆದ ಬೆಲೆ ಏರಿಕೆಯನ್ನು ಮಾತ್ರ. ಬೆಂಗಳೂರಿನ ಬಾಡಿಗೆಗೂ ಮಂಡ್ಯದ ಬಾಡಿಗೆಗೂ ಇರುವ ವ್ಯತ್ಯಾಸ ಹಾಗೇ ಉಳಿಯುತ್ತದೆ. ಇದನ್ನು ಮರೆಯುವವರು ಬಹಳ.

ಮಂಡ್ಯದಂಥ ಜಿಲ್ಲೆಯನ್ನು ಒಂದೇ ವರ್ಷದಿಂದ ಅಳೆಯಬೇಡಿ. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಲಿಲ್ಲ. 2024ರಲ್ಲಿ ತುಂಬಿತು. ನಾಲೆಗೆ ನೀರು ಬಿಟ್ಟ ವರ್ಷ, ಬಿಡದ ವರ್ಷ ಎರಡೂ ಬರುವ ಹಾಗೆ ಮೂರು ವರ್ಷದ ಸರಾಸರಿ ತೆಗೆಯಿರಿ. ಫ್ಯಾಕ್ಟರಿ, ಐಟಿ ಜಾಸ್ತಿ ಇರುವ ಮೈಸೂರಿಗೆ ಈ ಏರಿಳಿತ ಅಷ್ಟಿಲ್ಲ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಮಾತ್ರ ಅಲ್ಲಿಯೂ ಮಳೆಯನ್ನೇ ನಂಬಿದೆ.

ಅಂಕಿಯನ್ನು ಎಷ್ಟು ನಂಬಬೇಕು

ಬೆಳೆಯ ಲೆಕ್ಕ ಕೆಳಗಿನಿಂದ ಬರುತ್ತದೆ: ಎಕರೆ, ಇಳುವರಿ, ಬೆಲೆ. ನೋಂದಾಯಿತ ಕಾರ್ಖಾನೆಗಳಿಗೆ ವಾರ್ಷಿಕ ಸಮೀಕ್ಷೆ ಇದೆ. ಸೇವಾ ವಲಯದ ಬಹುಭಾಗ ಹಾಗಲ್ಲ. ರಾಜ್ಯದ ಮೊತ್ತವನ್ನು ಮೊದಲು ಅಂದಾಜು ಮಾಡಿ, ಕೆಲಸಗಾರರ ಸಂಖ್ಯೆ, ಬ್ಯಾಂಕ್ ವಹಿವಾಟು ಇಂಥ ಸೂಚಕ ಹಿಡಿದು ಜಿಲ್ಲೆಗಳಿಗೆ ಹಂಚುತ್ತಾರೆ. ಇನ್ಫೊಸಿಸ್‌ನ ಪ್ರಧಾನ ಕಚೇರಿ ಬೆಂಗಳೂರಿನಲ್ಲಿ, ದೊಡ್ಡ ತರಬೇತಿ ಕ್ಯಾಂಪಸ್ ಮೈಸೂರಿನ ಹೆಬ್ಬಾಳದಲ್ಲಿ. ತರಬೇತಿಗೆ ಯಾವ ಗ್ರಾಹಕನೂ ಬಿಲ್ ಕಟ್ಟುವುದಿಲ್ಲ. ಇಂಥ ಕಡೆ ಮೈಸೂರಿಗೆ ಎಷ್ಟು ಸೇರಿತು ಅನ್ನುವುದು ಹಂಚಿಕೆಯ ಸೂತ್ರದ ಮೇಲೆ ನಿಂತಿದೆ. ಹಾಗಾಗಿ ಎರಡು ಜಿಲ್ಲೆಗಳ ನಡುವೆ ಚೂರುಪಾರು ವ್ಯತ್ಯಾಸ ಇದ್ದರೆ ಅದಕ್ಕೆ ರ‍್ಯಾಂಕ್ ಕೊಡಲು ಹೋಗಬೇಡಿ.

ಬದಲಿ ಸೂಚಕಗಳೂ ಪೂರ್ತಿ ನಂಬಿಕಸ್ತವಲ್ಲ. ಜಿಎಸ್‌ಟಿ ನೋಂದಣಿ ರಾಜ್ಯದ ಮಟ್ಟದ್ದು, ಜಿಲ್ಲೆಯ ಉತ್ಪಾದನೆ ಅದರಲ್ಲಿ ಕಾಣುವುದಿಲ್ಲ. ಉಪಗ್ರಹದಿಂದ ತೆಗೆದ ರಾತ್ರಿ ಬೆಳಕಿನ ಚಿತ್ರಗಳು ನಗರ ಹಬ್ಬಿದ್ದನ್ನು ಚೆನ್ನಾಗಿ ತೋರಿಸುತ್ತವೆ. ಆದರೆ ಕಬ್ಬಿನ ಗದ್ದೆ ರಾತ್ರಿ ಹೊಳೆಯುವುದಿಲ್ಲವಲ್ಲ, ಮಂಡ್ಯಕ್ಕೆ ಆ ಅಳತೆ ಅನ್ಯಾಯ.

ತಾಲ್ಲೂಕು ತಾಲ್ಲೂಕುಗಳನ್ನು ಹೋಲಿಸುವ ಆಸೆ ಇದ್ದರೆ, ಅಂದರೆ ನಾಲೆಯ ಮದ್ದೂರನ್ನು ಒಣಭೂಮಿಯ ನಾಗಮಂಗಲದ ಜತೆ, ಉತ್ಪನ್ನದ ಅಂಕಿಯಿಂದ ಆಗುವುದಿಲ್ಲ. 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿಯೂ ಹಲವು ಸೂಚಕ ಸೇರಿಸಿ ಸೂಚ್ಯಂಕ ಮಾಡಿಯೇ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಅಂತ ಗುರುತಿಸಿತು. ನೀವೂ ನೀರಾವರಿ ಎಕರೆ, ಡೇರಿಗೆ ಬರುವ ಹಾಲು, ಬ್ಯಾಂಕ್ ಸಾಲ ಇವನ್ನು ಅಕ್ಕಪಕ್ಕ ಇಟ್ಟು ನೋಡಿ. ಎಲ್ಲ ಕೂಡಿಸಿ ಒಂದೇ ಅಂಕಿ ಮಾಡುವುದಾದರೆ ಯಾವುದಕ್ಕೆ ಎಷ್ಟು ತೂಕ ಕೊಟ್ಟಿರಿ ಅಂತ ಕೆಳಗೆ ಬರೆಯಿರಿ. ನಾಗಮಂಗಲದವರು ಅದನ್ನು ಕೇಳಿಯೇ ಕೇಳುತ್ತಾರೆ.