ನಗುವವಳ ಮೇಲೆ ಕ್ಯಾಮೆರಾ ಇಟ್ಟು ಸೋತೆ

ನಾನು ಮಾಡಿದ ಹದಿನಾಲ್ಕು ನಿಮಿಷದ ಕಿರುಚಿತ್ರದಲ್ಲಿ ಇರುವುದು ಎರಡೇ ಪಾತ್ರ. ವಿಮಾನ ನಿಲ್ದಾಣದಲ್ಲಿ ಕಳೆದುಹೋದ ಲಗೇಜಿನ ದೂರು ಬರೆದುಕೊಳ್ಳುವ ಗುಮಾಸ್ತ, ಸೂಟ್‌ಕೇಸ್ ಕಳೆದುಕೊಂಡು ಬಂದ ಹೆಂಗಸು. ದಿನವಿಡೀ ಬೈಸಿಕೊಳ್ಳುವುದೇ ಅವನ ಕೆಲಸ. ಎಂಥ ಕೋಪಕ್ಕೂ ಅವನ ಬಳಿ ಒಂದು ಫಾರಂ ಇದೆ. ಇವಳು ಬಂದವಳೇ, "ಸದ್ಯ, ಕೈ ಖಾಲಿಯಾಯಿತು. ಎಷ್ಟು ಭಾರವಿತ್ತು ಗೊತ್ತೇ?" ಎನ್ನುತ್ತಾಳೆ. ಅದಕ್ಕೆ ಅವನ ಬಳಿ ಫಾರಂ ಇಲ್ಲ.

ಬರೆದಾಗ ನನಗೇ ನಗು ಬಂದಿತ್ತು. ಮೊದಲ ಓದಿಗೆ ಏಳೆಂಟು ಜನ ಗೆಳೆಯರನ್ನು ಕೂರಿಸಿದೆ. ಮೂರು ನಿಮಿಷ ಎಲ್ಲರೂ ನಕ್ಕರು, ನಾಲ್ಕನೆಯ ನಿಮಿಷಕ್ಕೆ ಒಬ್ಬರು ಮೊಬೈಲ್ ನೋಡಿದರು, ಆರನೆಯದಕ್ಕೆ ನಾನೇ ಪುಟ ಹಾರಿಸಿ ಓದಿದೆ. ಅತಿಯಾದರೆ ಅಮೃತವೂ ವಿಷವೆನ್ನುವುದು ಸಂಭಾಷಣೆಗೂ ಹೊಂದುತ್ತದೆ. ಅವಳ ಒಂದೊಂದು ಮಾತೂ ಚೆನ್ನಾಗಿಯೇ ಇತ್ತು. ಆದರೆ ಯಾವುದನ್ನು ಎಲ್ಲಿಟ್ಟರೂ ನಡೆಯುತ್ತಿತ್ತು. ಸೋಲದವಳಿಗೆ, ಬದಲಾಗದವಳಿಗೆ ಕಥೆ ಎಲ್ಲಿಂದ ಬರಬೇಕು?

ದಾರಿ ಸಿಕ್ಕಿದ್ದು ಬ್ರಿಟಿಷ್ ನಿರ್ದೇಶಕ ಮೈಕ್ ಲೀ ಅವರ 2008ರ 'ಹ್ಯಾಪಿ-ಗೋ-ಲಕ್ಕಿ' ಚಿತ್ರವನ್ನು ಮತ್ತೆ ನೋಡಿದಾಗ. ಪಾಪಿ ಎಂಬ ಹೆಸರಿನ ಲಂಡನ್ನಿನ ಶಾಲಾ ಶಿಕ್ಷಕಿ ತನ್ನ ಸೈಕಲ್ ಕಳುವಾದದ್ದನ್ನೂ ನಗುತ್ತಲೇ ನುಂಗಿಕೊಂಡು ಕಾರು ಕಲಿಯಲು ಹೊರಡುತ್ತಾಳೆ. ಪಾಪಿಯಾಗಿ ನಟಿಸಿದ ಸ್ಯಾಲಿ ಹಾಕಿನ್ಸ್ ಅವರಿಗೆ ಬರ್ಲಿನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿಗೆ ಕೊಡುವ ಬೆಳ್ಳಿ ಕರಡಿ ಪ್ರಶಸ್ತಿ ಬಂತು, ಬರಬೇಕಾದದ್ದೇ. ಆದರೆ ಎರಡನೆಯ ಸಲ ನೋಡುವಾಗ ನನ್ನ ಕಣ್ಣು ನೆಟ್ಟಿದ್ದು ಎಡ್ಡಿ ಮಾರ್ಸನ್ ಮಾಡಿದ ಡ್ರೈವಿಂಗ್ ಶಿಕ್ಷಕನ ಮೇಲೆ. ಅವಳ ಒಂದೊಂದು ತಮಾಷೆಗೂ ಅವನ ದವಡೆ ಇನ್ನಷ್ಟು ಬಿಗಿಯುತ್ತದೆ. ಬೆಲ್ಟ್ ಕಟ್ಟಿಕೊಂಡು ಅವಳ ಪಕ್ಕದಲ್ಲೇ ಕೂತಿರಬೇಕು, ಎದ್ದು ಹೋಗುವಂತಿಲ್ಲ. ಆ ಕಾರಿನಲ್ಲಿ ಬದಲಾಗುತ್ತಾ ಹೋಗುವವನು ಅವನು, ಕೊನೆಗೆ ಸಿಡಿಯುವವನೂ ಅವನೇ. ಪಾಪಿ ಅದನ್ನು ನಕ್ಕು ತೇಲಿಸುವುದಿಲ್ಲ, ಕಾರಿನ ಕೀಲಿ ಕಿತ್ತುಕೊಳ್ಳುತ್ತಾಳೆ. ಅವಳಿಗೆ ಎಲ್ಲವೂ ಕಾಣುತ್ತಲೇ ಇತ್ತೆಂಬುದು ಆಗ ತಿಳಿಯುತ್ತದೆ.

ಮನೆಗೆ ಬಂದು ಹೆಂಗಸಿನ ಅರ್ಧ ಮಾತು ಹೊಡೆದುಹಾಕಿದೆ. ಗುಮಾಸ್ತನಿಗೆ ಹೊಸದಾಗಿ ಒಂದು ಮಾತನ್ನೂ ಕೊಡಲಿಲ್ಲ, ಬದಲಿಗೆ ಕೆಲಸ ಕೊಟ್ಟೆ: ಪೆನ್ನಿನ ಮುಚ್ಚಳ ಹುಡುಕುವುದು, ಮೊಹರು ಒತ್ತುವುದು, ತಪ್ಪಾದ ಫಾರಂ ಹರಿಯುವುದು. ಅವಳು ಮಾತನಾಡುವಾಗ ಕ್ಯಾಮೆರಾ ಅವನ ಮೇಲಿರಬೇಕೆಂದು ಛಾಯಾಗ್ರಾಹಕರಿಗೆ ಹೇಳಿದೆ. "ಹಾಗಾದರೆ ನಾಯಕಿ ಯಾರು?" ಎಂದರು. ಸುಮ್ಮನಿದ್ದೆ.

ನಟಿಯ ಕಷ್ಟವೇ ಬೇರೆ. ತಾಲೀಮಿನ ಮೊದಲ ದಿನ ಬಂದದ್ದು ಟೂತ್‌ಪೇಸ್ಟ್ ಜಾಹೀರಾತಿನ ಮುಖ. ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲೇ ಬರೆದಿಟ್ಟಿದ್ದಾರೆ: ತುಟಿಯನ್ನು ಬೇಕೆಂದಾಗ ಎಳೆಯಬಹುದು, ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಸಂತೋಷಕ್ಕೆ ಮಾತ್ರ ಮಣಿಯುತ್ತದೆ ಎಂದು. ಆ ಮಾತು ಎಲ್ಲರ ವಿಷಯದಲ್ಲೂ ನಿಜವೋ ಏನೋ, ಆದರೆ ಕ್ಲೋಸಪ್‌ನಲ್ಲಿ ಬರಿಯ ತುಟಿಯ ನಗು ಸಿಕ್ಕಿಬೀಳುವುದಂತೂ ಖಂಡಿತ. ನಗಲೇಬೇಡಿ ಎಂದೆ. "ಖುಷಿಯಾಗಿರಿ" ಎಂದರೆ ನಟಿಸಲು ಏನೂ ಸಿಗುವುದಿಲ್ಲ. "ಕೈಗೆ ಸಿಕ್ಕಿದ್ದರಲ್ಲಿ ಉಪಯೋಗಕ್ಕೆ ಬರುವಂಥದ್ದನ್ನು ಹುಡುಕಿ" ಎಂದಾಗ ಅವರ ಕಣ್ಣು ಮೇಜಿನ ಮೇಲೆ ಓಡಾಡತೊಡಗಿತು, ಮುಖ ತಾನಾಗಿಯೇ ಅರಳಿತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವನು ಆಶಾವಾದಿಯಲ್ಲ, ಜಂಬಗಾರ. ನಮ್ಮ ಹೆಂಗಸು ಮಣ್ಣಾಯಿತೆಂದು ಒಪ್ಪಿಕೊಂಡು, ಮಣ್ಣು ಒಳ್ಳೆಯದಿದೆ ಎನ್ನುವವಳು.

ಆಮೇಲೆ ನಟಿ ಕೇಳಬಾರದ್ದನ್ನು ಕೇಳಿದರು: "ಇವಳು ಯಾಕೆ ಹೀಗಿದ್ದಾಳೆ?"

ಹೆದರಿ ಒಂದು ಪುಟ ಬರೆದುಕೊಟ್ಟೆ. ಬಾಲ್ಯದ ಬಡತನ, ತೀರಿಹೋದ ತಮ್ಮ, ಅವನು ಹೇಳಿದ ಕೊನೆಯ ಮಾತು, ಎಲ್ಲವೂ ಇತ್ತು. ಅದ್ಭುತವಾಗಿ ನಟಿಸಿದರು, ಬೆಳಕು ಹಿಡಿದವರ ಕಣ್ಣಲ್ಲಿ ನೀರು. ಸಂಕಲನದ ಕೋಣೆಯಲ್ಲಿ ನೋಡಿದರೆ ಆ ಪುಟದ ನಂತರ ಯಾವ ಮಾತಿಗೂ ನಗು ಬರುತ್ತಿಲ್ಲ. ಅಲ್ಲಿಯವರೆಗೆ ಅದು ಅವಳ ಸ್ವಭಾವ, ಅಲ್ಲಿಂದ ಮುಂದೆ ಕಾಯಿಲೆ! ಎರಡು ದಿನ ಒದ್ದಾಡಿ ಇಡೀ ತುಣುಕನ್ನು ತೆಗೆದುಹಾಕಿದೆ. ನಟಿಗೆ ಹೇಳುವ ಧೈರ್ಯ ಬರಲು ಇನ್ನೊಂದು ವಾರ ಬೇಕಾಯಿತು.

ಸಂಕಲನದ ಬಗ್ಗೆ ಇನ್ನೊಂದು ಮಾತು. ನಾನು ಅವಳ ಮಾತು ಮುಗಿಯುತ್ತಿದ್ದಂತೆ ಗುಮಾಸ್ತನ ಮುಖಕ್ಕೆ ಕಟ್ ಮಾಡುತ್ತಿದ್ದೆ. ಸಂಕಲನಕಾರರು ಅವನ ಮುಖಕ್ಕೆ ಮೊದಲೇ ಹೋಗಿ, ಮಾತು ಮುಗಿದ ಮೇಲೂ ಹನ್ನೆರಡು ಫ್ರೇಮ್ ಅಲ್ಲೇ ನಿಂತರು. ಸೆಕೆಂಡಿಗೆ 24 ಫ್ರೇಮ್ ಎಂದರೆ ಬರಿಯ ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡಿನಲ್ಲಿ ಅವನು ಮಾಡುವುದೇನು? ಎಂಜಲು ನುಂಗುತ್ತಾನೆ, ಅಷ್ಟೇ. ಪ್ರದರ್ಶನದಲ್ಲಿ ಅತಿ ದೊಡ್ಡ ನಗು ಬಂದದ್ದು ಅದಕ್ಕೆ. ಕುಣಿದಾಡುವಂಥ ಹಿನ್ನೆಲೆ ಸಂಗೀತವನ್ನೂ ಹಾಕಿಸಿದ್ದೆ, ಮೊದಲ ಸಲ ಕೇಳಿದಾಗಲೇ ಬೇಡವೆನ್ನಿಸಿ ತೆಗೆಸಿದೆ. ಚಿತ್ರವೇ ತನ್ನ ತಮಾಷೆಗೆ ತಾನು ನಗುತ್ತಿರುವಂತಿತ್ತು.

ಕೊನೆಯ ದೃಶ್ಯದಲ್ಲಿ ಸೂಟ್‌ಕೇಸ್ ಸಿಗುವುದಿಲ್ಲ. "ಇನ್ನೂ ಪತ್ತೆಯಾಗಿಲ್ಲ" ಎಂದು ಗುಮಾಸ್ತ ಮುಖ ಗಂಟಿಕ್ಕಿಕೊಂಡು ಹೇಳಬೇಕು, ಅವಳು "ಹಾಗಾದರೆ ನಾಳೆಯೂ ಬರುತ್ತೇನೆ" ಎನ್ನಬೇಕು. ಒಂಬತ್ತನೆಯ ಟೇಕ್‌ನಲ್ಲಿ ನಟ ಸುಸ್ತಾಗಿ ಮಾತು ಮರೆತರು. ನಟಿ ಕಾದರು. ಮೇಜಿನ ಮೇಲೆ ಮುಚ್ಚಳವಿಲ್ಲದೆ ಬಿದ್ದಿದ್ದ ಪೆನ್ನನ್ನು ನೋಡಿ, ತಮ್ಮ ಕೈಚೀಲದಿಂದ ಇನ್ನಾವುದೋ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ಅದು ಹೊಂದಲಿಲ್ಲ. ಆತ ತಡೆಯಲಾಗದೆ ನಕ್ಕುಬಿಟ್ಟರು. ಫೋಕಸ್ ಕೊಂಚ ತಪ್ಪಿದೆ, ಮೈಕಿನ ನೆರಳೂ ಗೋಡೆಯ ಮೇಲೆ ಬಿದ್ದಿದೆ. ಚಿತ್ರದಲ್ಲಿ ಇರುವುದು ಅದೇ ಟೇಕ್.