ಸಿಎಂವಿ ವರದಿ: ಲ್ಯಾಬ್ ಬದಲಾದರೆ ಅಂಕಿಯೂ ಬದಲಾಗುತ್ತದೆ

ತಮ್ಮನಿಗೆ ಮೂತ್ರಪಿಂಡ ಕಸಿಯಾದ ಮೇಲೆ ಸಿಎಂವಿ (ಸೈಟೊಮೆಗಲೊವೈರಸ್, ಕಸಿಯಾದವರನ್ನು ಕಾಡಬಲ್ಲ ವೈರಸ್) ರಕ್ತದಲ್ಲಿ ಎಷ್ಟಿದೆ ಎಂದು ಅಂಕಿಯಲ್ಲಿ ಹೇಳುವ ವರದಿಗಳ ಕಡತ ನನ್ನ ಪಾಲಿಗೆ ಬಂತು. ಸಿಂಧನೂರಿನಂಥ ಊರಿನಲ್ಲಿ ಇದೇ ಕೆಲಸ ಹೊತ್ತವರಿಗೆ ನನ್ನ ಮೊದಲ ಮಾತು: ಒಂದು ಲ್ಯಾಬ್ ಹಿಡಿದರೆ ಬಿಡಬೇಡಿ. ಸಂಗ್ರಹ ಕೇಂದ್ರದ ಫಲಕ ನೋಡಿ ನಂಬಬೇಡಿ. ರಕ್ತ ಕೊಟ್ಟದ್ದು ರಾಯಚೂರಿನಲ್ಲಾದರೂ ಪರೀಕ್ಷೆ ಬೇರೆ ಊರಿನಲ್ಲಿ ನಡೆದಿರಬಹುದು. ವರದಿಯ ಅಡಿಯ ಸಣ್ಣ ಅಕ್ಷರಗಳನ್ನು ಓದಿ.

ಆಮೇಲೆ ಮಾದರಿ ನೋಡಿ. ಪ್ಲಾಸ್ಮಾವೋ (ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವ), ಇಡೀ ರಕ್ತವೋ? ಇಡೀ ರಕ್ತದಲ್ಲಿ ಅಂಕಿ ಸಾಮಾನ್ಯವಾಗಿ ಹೆಚ್ಚು ಬರುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಪ್ಲಾಸ್ಮಾವಾದರೆ ಅದನ್ನು ಯಾವಾಗ ಬೇರ್ಪಡಿಸುತ್ತಾರೆಂದು ಕೇಳಿ; ತಡವಾದರೆ ಅಂಕಿ ಬದಲಾಗಬಹುದು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಕೇಳಲೇಬೇಕು, ಸಿಬ್ಬಂದಿ ಮುಖ ಸಿಂಡರಿಸಿದರೂ ಸರಿ.

ಘಟಕದ ವಿಷಯ ತುಸು ತೊಡಕಿನದು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಸಿಎಂವಿಗೆ ಅಂತರರಾಷ್ಟ್ರೀಯ ಮಾನದಂಡ ಒದಗಿಸಿದ ಮೇಲೆ ಫಲಿತಾಂಶವನ್ನು ‘ಐಯು/ಎಂಎಲ್’ನಲ್ಲಿ (ಮಿಲಿಲೀಟರಿಗೆ ಎಷ್ಟು ಅಂತರರಾಷ್ಟ್ರೀಯ ಘಟಕ) ಕೊಡುವುದು ರೂಢಿಗೆ ಬಂತು. ‘ಕಾಪೀಸ್/ಎಂಎಲ್’ (ಮಿಲಿಲೀಟರಿಗೆ ವೈರಸ್ ಡಿಎನ್‌ಎಯ ಎಷ್ಟು ಪ್ರತಿ) ಎಂದಿದ್ದರೆ ನೇರವಾಗಿ ಹೋಲಿಸಬೇಡಿ. ಘಟಕ ಒಂದೇ ಆದರೂ ಡಿಎನ್‌ಎ ಬೇರ್ಪಡಿಸುವ ವಿಧಾನ, ಪಿಸಿಆರ್ (ವೈರಸ್ಸಿನ ಡಿಎನ್‌ಎ ಎಣಿಸುವ ಪರೀಕ್ಷೆ) ಗುರಿಯಿಡುವ ಡಿಎನ್‌ಎ ತುಣುಕು ಬೇರೆಯಾದರೆ ಅಂಕಿ ಹೊಂದದೇ ಇರಬಹುದು.

ಒಂದೇ ಲ್ಯಾಬಿನಲ್ಲಿ 1,000 ಇದ್ದದ್ದು 2,000 ಆದರೆ ಗಾಬರಿ ಬೇಡ. ಸುಮಾರು ಮೂರು ಪಟ್ಟು, ಅಂದರೆ ಲಾಗ್ (10ರ ಘಾತ) ಲೆಕ್ಕದಲ್ಲಿ 0.5 ವ್ಯತ್ಯಾಸವಾದಾಗಷ್ಟೇ ಅದನ್ನು ನಿಜವಾದ ಬದಲಾವಣೆ ಎಂದು ಪರಿಗಣಿಸುತ್ತಾರೆ. ಅಂಕಿ ಏನೇ ಇರಲಿ, ಸಿಎಂವಿಗೆ ಕೊಡುವ ವಾಲ್‌ಗಾನ್ಸಿಕ್ಲೊವಿರ್ ಔಷಧದ ಪ್ರಮಾಣ ತೀರ್ಮಾನಿಸುವುದು ವೈದ್ಯರ ಕೆಲಸ.

ಲ್ಯಾಬ್ ಬದಲಿಸಲೇಬೇಕಾದರೆ ಒಮ್ಮೆ ಒಂದೇ ದಿನದ ರಕ್ತವನ್ನು ಹಳೆಯದಕ್ಕೂ ಹೊಸದಕ್ಕೂ ಕಳುಹಿಸಬಹುದೇ ಎಂದು ಕಸಿ ವೈದ್ಯರನ್ನು ಕೇಳಿ. ದುಡ್ಡು ಎರಡು ಪಟ್ಟು, ಆದರೆ ಹೊಸ ಅಂಕಿಗೆ ಆಧಾರ ಸಿಗುತ್ತದೆ.